ನಂಬಿದ ಬಾಗಿಲಿನಿಂದ ಬಂದ ಮಾರಿ

ತೆರಿಗೆಯ ಲೆಕ್ಕ ಬರೆಯುವ ಒಂದು ತಂತ್ರಾಂಶ. ಅದರ ಅಪ್‌ಡೇಟಿನೊಳಗೆ ಅಡಗಿ ಬಂದ ವಿಷ. ಕೆಲವೇ ಗಂಟೆಗಳಲ್ಲಿ ಜಗತ್ತಿನ ಬಂದರುಗಳಲ್ಲಿ ಕದಲದೆ ನಿಂತ ಕಂಟೇನರುಗಳು. 2017ರ ಜೂನ್ 27ರ ಆ ಅನಾಹುತವನ್ನು ನೆನೆದು, ಸಂಸ್ಥೆಗಳು ತಮ್ಮ ಗಣಕಜಾಲವನ್ನು ಕಾಯುವ ಬಗೆಯ ಕುರಿತು ಒಂದು ವಿಚಾರ. ಹೊರಗೋಡೆ ಎಷ್ಟೇ ಎತ್ತರವಿರಲಿ, ಒಳಗೆ ಅಡ್ಡಗೋಡೆಗಳಿಲ್ಲದ ಜಾಲ ಉಳಿಯದು!

ಕೋಪನ್‌ಹೇಗನ್ ನಗರದ ಬಂದರಿನ ಅಂಚಿನಲ್ಲಿ ನಿಂತಿರುವ ಮೇರ್ಸ್ಕ್ ಹಡಗು ಸಂಸ್ಥೆಯ ಪ್ರಧಾನ ಕಾರ್ಯಾಲಯದಲ್ಲಿ, 2017ನೆಯ ಇಸವಿ ಜೂನ್ 27ರ ಮಂಗಳವಾರ, ಕಂಪ್ಯೂಟರ್ ಪರದೆಗಳು ಒಂದರ ಬಳಿಕ ಒಂದಾಗಿ ಕಪ್ಪಾಗತೊಡಗಿದವು. ಕೆಲವು ಪರದೆಗಳ ಮೇಲೆ, ಡಿಸ್ಕಿನ ದುರಸ್ತಿ ನಡೆದಿದೆ, ಯಂತ್ರವನ್ನು ಆರಿಸಕೂಡದು ಎಂಬ ಸೂಚನೆ ಮೂಡಿದ್ದರೆ, ಮತ್ತೆ ಕೆಲವುಗಳ ಮೇಲೆ, ಕಡತಗಳೆಲ್ಲಕ್ಕೂ ಬೀಗ ಬಿದ್ದಿದೆ, ಅವು ಮರಳಿ ಬೇಕಾದಲ್ಲಿ 300 ಡಾಲರು ಬೆಲೆಯ ಬಿಟ್‌ಕಾಯಿನ್ ತೆರತಕ್ಕದ್ದು ಎಂಬ ಬೆದರಿಕೆ ಕಾಣಿಸಿಕೊಂಡಿದ್ದಿತು.

ಸಂಗತಿಯೇನೆಂದು ಗ್ರಹಿಸಿದವರು ಓಡುತ್ತ ಹೋಗಿ, ಸಭೆ ನಡೆಯುತ್ತಿದ್ದ ಕೋಣೆಗಳಿಗೆ ನುಗ್ಗಿ, ಮಾತಿನ ನಡುವೆಯೇ ಯಂತ್ರಗಳ ತಂತಿಗಳನ್ನು ಕಿತ್ತರು. ಕಾರ್ಡು ತೋರಿದರೆ ತೆರೆಯಬೇಕಾಗಿದ್ದ ಗೇಟುಗಳೂ ಸ್ತಬ್ಧವಾಗಿದ್ದುದರಿಂದ ಅವನ್ನು ಹಾರಿ ದಾಟಿದರು. ಆದರೂ ಭೂಮಂಡಲವನ್ನೆಲ್ಲ ವ್ಯಾಪಿಸಿದ್ದ ಆ ಜಾಲವನ್ನು ಪೂರ್ಣವಾಗಿ ಕಳಚಿ ನಿಲ್ಲಿಸಲು ಎರಡು ಗಂಟೆಗೂ ಮಿಗಿಲಾದ ಕಾಲ ಹಿಡಿಯಿತು. ಅಷ್ಟರೊಳಗೆ ಕೇಡು ತನ್ನ ಕೆಲಸವನ್ನು ಮುಗಿಸಿದ್ದಿತು.

1904ರಲ್ಲಿ ಡೆನ್ಮಾರ್ಕಿನ ಒಂದು ಪುಟ್ಟ ಪಟ್ಟಣದಲ್ಲಿ ಹುಟ್ಟಿ, ಜಗತ್ತಿನ ಕಂಟೇನರು ಸಾಗಣೆಯ ಸುಮಾರು ಐದನೆಯ ಒಂದು ಪಾಲನ್ನು ಹೊರುವಷ್ಟು ಬೆಳೆದಿದ್ದ ಆ ಸಂಸ್ಥೆಯ ಹಡಗುಗಳಿಗೆ ಅಂದು ಏನೂ ಆಗಲಿಲ್ಲ. ಅವು ಎಂದಿನಂತೆ ನೀರಿನ ಮೇಲೆ ತೇಲುತ್ತಲೇ ಇದ್ದವು. ಆದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ, ಅದು ಯಾರದು, ಎಲ್ಲಿ ಇಳಿಯಬೇಕು ಎಂಬ ಜ್ಞಾನವೇ ಅಳಿಸಿಹೋದ ಮೇಲೆ, ಸಾವಿರಾರು ಪೆಟ್ಟಿಗೆಗಳನ್ನು ಹೊತ್ತು ಬಂದ ಹಡಗು ಬಂದರಿನ ಪಾಲಿಗೆ ಅರ್ಥವಾಗದ ಲೋಹದ ರಾಶಿಯಾಗಿ ಪರಿಣಮಿಸಿತು.

ಸಂಸ್ಥೆಯ 76 ನಿಲ್ದಾಣಗಳಲ್ಲಿ 17 ಈ ಹೊಡೆತಕ್ಕೆ ಸಿಕ್ಕಿದವು. ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್ ಬಂದರಿನ ಹೊರಗೆ ಲಾರಿಗಳ ಸಾಲು ಮೈಲಿಗಟ್ಟಲೆ ಬೆಳೆಯಿತು. ಮುಂಬಯಿಯ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಇದೇ ಸಮೂಹ ನಡೆಸುತ್ತಿದ್ದ ನಿಲ್ದಾಣದಲ್ಲಿಯೂ ಯಂತ್ರ ಮಾಡುತ್ತಿದ್ದ ಕೆಲಸವನ್ನು ಮನುಷ್ಯನ ಕೈ ಮಾಡಬೇಕಾಗಿ ಬಂದು, ಸರಕು ರಾಶಿ ಬೀಳತೊಡಗಿತು.

ಬೇರು ಇದ್ದುದು ಕೀವ್‌ನಲ್ಲಿ

ಈ ಕೇಡಿನ ಮೂಲವನ್ನರಸಿ ಹೋದರೆ ನಾವು ತಲಪುವುದು ಉಕ್ರೇನಿನ ರಾಜಧಾನಿಯಲ್ಲಿರುವ, ಒಂದು ಕುಟುಂಬದವರು ನಡೆಸುತ್ತಿದ್ದ ಚಿಕ್ಕ ತಂತ್ರಾಂಶ ಸಂಸ್ಥೆಯನ್ನು. ನಮ್ಮಲ್ಲಿ ಜಿಎಸ್‌ಟಿ ವಿವರ ಸಲ್ಲಿಸುವುದಕ್ಕೆ ವ್ಯಾಪಾರಿಗಳು ಲೆಕ್ಕದ ತಂತ್ರಾಂಶವನ್ನು ಅವಲಂಬಿಸಿರುವಂತೆಯೇ, ಆ ದೇಶದಲ್ಲಿ ತೆರಿಗೆ ಸಲ್ಲಿಸುವ ಸಂಸ್ಥೆಗಳಲ್ಲಿ ಬಹುಪಾಲಿನವು ಅವರ ‘ಎಂ.ಇ.ಡಾಕ್’ ಎಂಬ ತಂತ್ರಾಂಶವನ್ನು ಬಳಸುತ್ತಿದ್ದವು.

ಅದರ ಅಪ್‌ಡೇಟುಗಳನ್ನು ಹಂಚುತ್ತಿದ್ದ ಸರ್ವರುಗಳೊಳಕ್ಕೆ ಆಕ್ರಮಣಕಾರರು ಮೊದಲೇ ಗುಟ್ಟಾಗಿ ಹೊಕ್ಕು ಕುಳಿತಿದ್ದರು. ಉಕ್ರೇನಿನ ಸಂವಿಧಾನ ದಿನದ ರಜೆಯ ಹಿಂದಿನ ದಿನ, ಅದೇ ಅಧಿಕೃತ ಮಾರ್ಗದಿಂದ, ಗಿರಾಕಿಗಳು ಶಂಕಿಸುವುದಕ್ಕೆ ಯಾವ ಕಾರಣವೂ ಇಲ್ಲದಂಥ ವೇಷದಲ್ಲಿ, ಆ ಮಾರಿಯನ್ನು ಕಳುಹಿಸಿದರು. ತಜ್ಞರು ಅದಕ್ಕೆ ‘ನಾಟ್‌ಪೆಟ್ಯಾ’ ಎಂದು ಹೆಸರಿಟ್ಟರು.

ಗಮನಿಸತಕ್ಕ ಸಂಗತಿ ಇದೇ. ಯಾವ ನೌಕರನೂ ಇಲ್ಲಿ ಅಪರಿಚಿತನ ಇ–ಮೇಲನ್ನು ತೆರೆದು ಮೋಸಹೋಗಲಿಲ್ಲ; ಯಾರೂ ನಿಷಿದ್ಧವಾದ ತಾಣಕ್ಕೆ ಕಾಲಿಡಲಿಲ್ಲ. ಪ್ರತಿಯೊಬ್ಬನೂ ತಾನು ಮಾಡಬೇಕಾದ ಕರ್ತವ್ಯವನ್ನೇ, ಅಂದರೆ ನಂಬಿಕಸ್ಥ ತಂತ್ರಾಂಶವನ್ನು ಹೊಸದಾಗಿಟ್ಟುಕೊಳ್ಳುವ ಕೆಲಸವನ್ನೇ ಮಾಡಿದ್ದನು. ವಿಷ ಬಂದುದು ನಂಬಿದ ಬಾಗಿಲಿನಿಂದ.

ಮೇರ್ಸ್ಕ್ ಸಂಸ್ಥೆಯ ಜಾಲಕ್ಕೆ ಆ ಬಾಗಿಲು ಎಷ್ಟು ಕಿರಿದಾಗಿದ್ದಿತೆಂಬುದನ್ನು ಆಂಡಿ ಗ್ರೀನ್‌ಬರ್ಗ್ ಎಂಬ ಪತ್ರಕರ್ತರು 2018ರಲ್ಲಿ ‘ವೈರ್ಡ್’ ಪತ್ರಿಕೆಯಲ್ಲಿ ವಿವರಿಸಿರುವರು: ಕಪ್ಪು ಸಮುದ್ರದ ತೀರದ ಒಡೆಸಾ ನಗರದ ಶಾಖೆಯಲ್ಲಿ, ಹಣಕಾಸಿನ ಅಧಿಕಾರಿಯೊಬ್ಬರ ಕೋರಿಕೆಯ ಮೇರೆಗೆ, ಒಂದೇ ಒಂದು ಕಂಪ್ಯೂಟರಿನಲ್ಲಿ ಆ ಲೆಕ್ಕದ ತಂತ್ರಾಂಶವನ್ನು ಹಾಕಲಾಗಿದ್ದಿತು. ಅಷ್ಟೇ ಸಾಕಾಯಿತು.

ಎರಡು ಆಯುಧಗಳ ಸಂಯೋಗ

ಒಂದು ಯಂತ್ರದಿಂದ ಸಾವಿರಾರು ಯಂತ್ರಗಳಿಗೆ ಅದು ಹರಡಿದ ರೀತಿಯನ್ನು ಅರಿಯದೆ ರಕ್ಷಣೆಯ ಮಾರ್ಗವನ್ನು ಅರಿಯುವುದು ಸಾಧ್ಯವಿಲ್ಲವಾದುದರಿಂದ, ಆ ಕ್ರಮವನ್ನು ಕೊಂಚ ನೋಡಬೇಕಾಗುವುದು.

ನಾಟ್‌ಪೆಟ್ಯಾ ಎರಡು ಆಯುಧಗಳನ್ನು ಜೋಡಿಸಿಕೊಂಡಿದ್ದಿತು. ಮೊದಲನೆಯದು, ವಿಂಡೋಸ್ ಯಂತ್ರಗಳು ಪರಸ್ಪರ ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ಬಿರುಕೊಂದನ್ನು ಬಳಸಿಕೊಳ್ಳುವ ‘ಎಟರ್ನಲ್ ಬ್ಲೂ’. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ರೂಪಿಸಿಟ್ಟುಕೊಂಡಿದ್ದ ಅದನ್ನು, ತಮ್ಮನ್ನು ‘ಶ್ಯಾಡೋ ಬ್ರೋಕರ್ಸ್’ ಎಂದು ಕರೆದುಕೊಂಡ ಅಜ್ಞಾತರು 2017ರ ಏಪ್ರಿಲ್‌ನಲ್ಲಿ ಬಹಿರಂಗಕ್ಕೆ ಎಸೆದಿದ್ದರು. ಎರಡನೆಯದು, ಫ್ರಾನ್ಸಿನ ಬೆಂಜಮಿನ್ ಡೆಲ್ಪಿ ಎಂಬವರು ವಿಂಡೋಸಿನ ದೌರ್ಬಲ್ಯವನ್ನು ಲೋಕಕ್ಕೆ ತೋರುವುದಕ್ಕಾಗಿ ಬರೆದಿದ್ದ ‘ಮಿಮಿಕ್ಯಾಟ್ಸ್’; ಕಂಪ್ಯೂಟರಿನ ಸ್ಮೃತಿಯಲ್ಲಿ ಉಳಿದುಕೊಂಡಿರುವ ಪಾಸ್‌ವರ್ಡುಗಳನ್ನು ಹೆಕ್ಕಿ ತೆಗೆಯುವುದು ಅದರ ಕೆಲಸ.

ಇವೆರಡೂ ಕೂಡಿದಾಗ ಆಗುವ ಪರಿಣಾಮ ಭೀಕರ. ಪ್ಯಾಚ್, ಅಂದರೆ ಬಿರುಕು ಮುಚ್ಚುವ ತೇಪೆ, ಹಾಕದೆ ಬಿಟ್ಟ ಯಂತ್ರವೊಂದನ್ನು ಮೊದಲನೆಯದು ಭೇದಿಸಿದರೆ, ಆ ಯಂತ್ರಕ್ಕೆ ಎಂದೋ ಒಮ್ಮೆ ಲಾಗಿನ್ ಆಗಿದ್ದ ಅಡ್ಮಿನ್‌ನ ಪಾಸ್‌ವರ್ಡನ್ನು ಎರಡನೆಯದು ಹೆಕ್ಕಿಕೊಂಡು, ಆ ಹಿರಿಯ ಅಧಿಕಾರದ ಬಲದಿಂದಲೇ, ಪ್ಯಾಚ್ ಹಾಕಿ ಭದ್ರಗೊಳಿಸಿದ್ದ ಯಂತ್ರಗಳ ಬಾಗಿಲುಗಳನ್ನೂ ತೆರೆಯಿಸುವುದು. ಅಡ್ಮಿನ್‌ಗಳು ದಿನವೂ ಬಳಸುವ ಸಾಧನಗಳೇ ಈ ಸಂಚಾರಕ್ಕೆ ವಾಹನವಾದುದರಿಂದ, ಕಾವಲಿನ ಕಣ್ಣಿಗೆ ಅದು ಎಂದಿನ ಕೆಲಸದಂತೆಯೇ ತೋರಿತು. ಉಕ್ರೇನಿನ ದೊಡ್ಡ ಬ್ಯಾಂಕೊಂದರ ಜಾಲ ಕೇವಲ 45 ಸೆಕೆಂಡುಗಳಲ್ಲಿ ನೆಲಕಚ್ಚಿತೆಂದು ಅಲ್ಲಿನ ತಜ್ಞರು ಹೇಳಿದರು.

ಹಣ ಕೇಳಿದುದು ಬರಿಯ ಸೋಗು. ಬೀಗ ತೆರೆಯುವ ಕೀಲಿಯನ್ನು ಹಿಂದಿರುಗಿಸುವ ಏರ್ಪಾಡೇ ಅದರಲ್ಲಿ ಇರಲಿಲ್ಲವಾದುದರಿಂದ, ದಂಡ ತೆತ್ತವರಿಗೂ ಕಡತಗಳು ದೊರೆಯುವಂತಿರಲಿಲ್ಲ. ಅದು ಸುಲಿಗೆಯ ವೇಷ ತೊಟ್ಟ ವಿಧ್ವಂಸ. 2018ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕ ಸರ್ಕಾರಗಳು ರಷ್ಯದ ಸೇನೆಯನ್ನು ಇದಕ್ಕೆ ಹೊಣೆಯೆಂದು ಹೆಸರಿಸಿದವು. 2020ರ ಅಕ್ಟೋಬರಿನಲ್ಲಿ ರಷ್ಯದ ಸೇನಾ ಬೇಹುಗಾರಿಕೆಯ ಆರು ಮಂದಿ ಅಧಿಕಾರಿಗಳ ಮೇಲೆ ಅಮೆರಿಕದಲ್ಲಿ ದೋಷಾರೋಪ ಪಟ್ಟಿ ಹೊರಬಿದ್ದಿತು.

ಚೌಕಟ್ಟು: 105 ದಿನಗಳ ಅವಕಾಶ

• 2017 ಮಾರ್ಚ್ 14: ‘ಎಟರ್ನಲ್ ಬ್ಲೂ’ ಬಳಸುವ ಬಿರುಕನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿತು.
• 59 ದಿನಗಳ ನಂತರ, ಮೇ 12: ಅದೇ ಬಿರುಕನ್ನು ಬಳಸಿದ ‘ವನ್ನಾಕ್ರೈ’ ಆಕ್ರಮಣ. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ತುತ್ತಾದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವು.
• 105 ದಿನಗಳ ನಂತರ, ಜೂನ್ 27: ಅದೇ ಬಿರುಕನ್ನೂ ಬಳಸಿಕೊಂಡು ಹರಡಿದ ನಾಟ್‌ಪೆಟ್ಯಾ.

ನಷ್ಟದ ಲೆಕ್ಕ

ಉಕ್ರೇನನ್ನು ಉದ್ದೇಶಿಸಿ ಬಿಟ್ಟ ಬಾಣ ದೇಶದ ಗಡಿಯನ್ನು ಗುರುತಿಸಲಿಲ್ಲ. ಅಲ್ಲಿ ಬ್ಯಾಂಕುಗಳು ನಿಂತವು. ಚೆರ್ನೋಬಿಲ್ ಸ್ಥಾವರದ ವಿಕಿರಣವನ್ನು ಮನುಷ್ಯರು ಕೈಯಲ್ಲಿ ಉಪಕರಣ ಹಿಡಿದು ಅಳೆಯಬೇಕಾಯಿತು. ದೂರದ ಆಸ್ಟ್ರೇಲಿಯದ ಹೋಬಾರ್ಟ್‌ನಲ್ಲಿ ಕ್ಯಾಡ್‌ಬರಿ ಚಾಕೊಲೇಟಿನ ಕಾರ್ಖಾನೆ ಉತ್ಪಾದನೆಯನ್ನು ನಿಲ್ಲಿಸಿತು. ಅಮೆರಿಕದ ಔಷಧ ಸಂಸ್ಥೆ ಮರ್ಕ್, ತನ್ನ ಎಚ್‌ಪಿವಿ ಲಸಿಕೆಗೆ ಬಂದ ಬೇಡಿಕೆಯನ್ನು ಪೂರೈಸಲಾರದೆ ಸರ್ಕಾರದ ಸಂಗ್ರಹದಿಂದಲೇ ಸಾಲವಾಗಿ ಪಡೆಯಿತು. ಒಟ್ಟು ಹಾನಿ ಸುಮಾರು 1,000 ಕೋಟಿ ಡಾಲರೆಂದು ಶ್ವೇತಭವನದ ಅಂದಾಜು.

ಮೇರ್ಸ್ಕ್ ಸಂಸ್ಥೆ ತನ್ನ ನಷ್ಟವನ್ನು 25 ಕೋಟಿಯಿಂದ 30 ಕೋಟಿ ಡಾಲರಿನವರೆಗೆ ಎಂದು ಪ್ರಕಟಿಸಿತು. ಅದರ ಅಧ್ಯಕ್ಷರಾಗಿದ್ದ ಜಿಮ್ ಹಗೆಮನ್ ಸ್ನಾಬೆಯವರು 2018ರ ಜನವರಿಯಲ್ಲಿ ದಾವೋಸ್ ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ ಮೇರೆಗೆ, 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ 2,500 ತಂತ್ರಾಂಶಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸ್ಥಾಪಿಸಬೇಕಾಯಿತು; ಆ ದಿನಗಳಲ್ಲಿ ನೌಕರರು ಯಂತ್ರದ ನೆರವಿಲ್ಲದೆಯೇ ವ್ಯವಹಾರದ ಐದರಲ್ಲಿ ನಾಲ್ಕು ಪಾಲನ್ನು ಉಳಿಸಿಕೊಂಡರು. ತಮ್ಮ ಸಂಸ್ಥೆ ಈ ರಕ್ಷಣೆಯ ವಿಷಯದಲ್ಲಿ ಉಳಿದ ಅನೇಕ ಸಂಸ್ಥೆಗಳಂತೆ ಸಾಧಾರಣ ಮಟ್ಟದಲ್ಲಿದ್ದಿತೆಂಬುದನ್ನೂ ಅವರು ಒಪ್ಪಿಕೊಂಡರು. ಅಂಥ ಸ್ಥಾನದಲ್ಲಿರುವವರು ಅಂಥ ಮಾತನ್ನು ಬಹಿರಂಗವಾಗಿ ಆಡಿದುದು ಶ್ಲಾಘ್ಯ. ಏಕೆಂದರೆ ಅವಮಾನದ ಭಯದಿಂದ ಮುಚ್ಚಿಟ್ಟ ಪ್ರತಿಯೊಂದು ಅನುಭವವೂ ಮತ್ತೊಬ್ಬನಿಗೆ ಒದಗಬಹುದಾಗಿದ್ದ ಎಚ್ಚರಿಕೆಯ ನಾಶವಾಗಿರುವುದು.

ಚೌಕಟ್ಟು: ವಿಮೆ ಮತ್ತು ಯುದ್ಧ

ಸುಮಾರು 140 ಕೋಟಿ ಡಾಲರಿನ ಪರಿಹಾರ ಕೇಳಿದ ಮರ್ಕ್ ಸಂಸ್ಥೆಗೆ, ಇದು ಯುದ್ಧಕೃತ್ಯವಾದುದರಿಂದ ಹಣ ಕೊಡಲಾಗದೆಂದು ವಿಮಾದಾರರು ಉತ್ತರಿಸಿದರು. 2023ರಲ್ಲಿ ನ್ಯೂಜೆರ್ಸಿಯ ಮೇಲ್ಮನವಿ ನ್ಯಾಯಾಲಯ ಮರ್ಕ್ ಪರವಾಗಿ ತೀರ್ಪಿತ್ತಿತು. 2024ರ ಆರಂಭದಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಹಾನಿಯಾಗಿ ಆ ವೇಳೆಗೆ ಆರು ವರುಷಗಳು ಕಳೆದಿದ್ದವು.

ಘಾನಾದಲ್ಲಿ ಉಳಿದ ಒಂದು ಪ್ರತಿ

ಪುನಃಸ್ಥಾಪನೆಯ ಕೇಂದ್ರ ಲಂಡನ್ನಿಗೆ ಸಮೀಪದ ಮೇಡನ್‌ಹೆಡ್ ಪಟ್ಟಣದಲ್ಲಿದ್ದಿತು. ಸರ್ವರುಗಳ ಬ್ಯಾಕಪ್‌ಗಳು ದೊರೆತವು. ಆದರೆ ಜಾಲದಲ್ಲಿ ಯಾರು ಯಾರೆಂಬುದನ್ನೂ ಯಾರಿಗೆ ಯಾವ ಬಾಗಿಲು ತೆರೆಯಬೇಕೆಂಬುದನ್ನೂ ನಿರ್ಣಯಿಸುವ ‘ಡೊಮೈನ್ ಕಂಟ್ರೋಲರ್’ ಎಂಬ ಸರ್ವರುಗಳ ಪ್ರತಿ ಮಾತ್ರ ಎಲ್ಲಿಯೂ ಸಿಗಲಿಲ್ಲ.

ಜಗತ್ತಿನ ವಿವಿಧೆಡೆ ಇದ್ದ ಅಂಥ ಸುಮಾರು 150 ಸರ್ವರುಗಳು ಒಂದರ ಪ್ರತಿಯನ್ನು ಮತ್ತೊಂದು ಸದಾ ಕಾಪಾಡಿಕೊಳ್ಳುವಂತೆ ಏರ್ಪಾಟಿದ್ದುದರಿಂದ, ಬೇರೆ ಬ್ಯಾಕಪ್ ಅನವಶ್ಯಕವೆಂದು ಭಾವಿಸಲಾಗಿದ್ದಿತು. ಒಂದು ಕೆಟ್ಟರೆ ಉಳಿದವು ಇರುವುವೆಂಬುದು ಆ ಲೆಕ್ಕ. ಎಲ್ಲವೂ ಒಂದೇ ಗಳಿಗೆಯಲ್ಲಿ ಕೆಡಬಹುದೆಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಕೊನೆಗೆ ಉಳಿದುಬಂದುದು ಪಶ್ಚಿಮ ಆಫ್ರಿಕದ ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಸರ್ವರ್. ಆಕ್ರಮಣಕ್ಕೆ ಮೊದಲು ಅಲ್ಲಿ ವಿದ್ಯುತ್ತು ಹೋಗಿ ಅದು ಜಾಲದಿಂದ ಕಳಚಿಕೊಂಡಿದ್ದುದರಿಂದ, ಮಾರಿಯ ಸ್ಪರ್ಶ ಅದಕ್ಕೆ ಆಗಿರಲಿಲ್ಲ. ಅಲ್ಲಿನ ಇಂಟರ್‌ನೆಟ್ ನಿಧಾನವಾಗಿದ್ದಿತು; ಘಾನಾದ ನೌಕರರಿಗೆ ಬ್ರಿಟನ್ನಿನ ವೀಸಾ ಇರಲಿಲ್ಲ; ಆದುದರಿಂದ ಒಬ್ಬರು ಆ ಸರ್ವರಿನ ಡಿಸ್ಕನ್ನು ನೈಜೀರಿಯದವರೆಗೆ ವಿಮಾನದಲ್ಲಿ ಒಯ್ದು, ಅಲ್ಲಿ ಮತ್ತೊಬ್ಬರ ಕೈಗಿತ್ತರು; ಅವರು ಅದನ್ನು ಲಂಡನ್ನಿಗೆ ತಲಪಿಸಿದರು. ಅದರ ಮೇಲೆ ಆ ಮಹಾಜಾಲ ಮತ್ತೆ ಎದ್ದು ನಿಂತಿತು.

ಈ ಪ್ರಸಂಗವನ್ನು ಓದಿದವರು ಸಾಮಾನ್ಯವಾಗಿ ಅದೃಷ್ಟದ ಮಾತನ್ನಾಡುವರು. ನನಗಾದರೋ ಅಲ್ಲಿ ಕಾಣುವುದು ಅದೃಷ್ಟಕ್ಕಿಂತ ಮಿಗಿಲಾಗಿ ಒಂದು ನಿಯಮ. ಮುಂದಿನ ಮಳೆಗಾಲಕ್ಕೆಂದು ಬಿತ್ತನೆಯ ಬೀಜವನ್ನು ಉಣ್ಣುವ ಕಾಳಿನಿಂದ ಬೇರ್ಪಡಿಸಿ, ಬೇವಿನ ಸೊಪ್ಪಿನ ನಡುವೆ ಬೇರೆಯ ಗಡಿಗೆಯಲ್ಲಿಟ್ಟು, ಬರಗಾಲದಲ್ಲಿಯೂ ಅದಕ್ಕೆ ಕೈಹಾಕದ ನಮ್ಮ ರೈತನ ಗೃಹಿಣಿಗೆ ತಿಳಿದಿದ್ದ ನಿಯಮವೇ ಅದು: ಬಳಕೆಯಿಂದ ಪ್ರತ್ಯೇಕವಾಗಿ ಇಟ್ಟುದು ಮಾತ್ರ ಬಳಕೆಗೆ ಬಂದ ಕೇಡಿನಿಂದ ಉಳಿಯುವುದು. ಘಾನಾದಲ್ಲಿ ಆಕಸ್ಮಿಕವಾಗಿ ನಡೆದುದನ್ನು ಪ್ರತಿಯೊಂದು ಸಂಸ್ಥೆಯೂ ಬುದ್ಧಿಪೂರ್ವಕವಾಗಿ ನಡೆಸತಕ್ಕದ್ದು.

ಹಡಗಿನವರಿಗೆ ತಿಳಿದಿದ್ದ ವಿದ್ಯೆ

ಮನಸ್ಸನ್ನು ಕಲಕುವ ಮತ್ತೊಂದು ಸಂಗತಿಯಿದೆ. ಹಡಗಿನ ತಳವನ್ನು ಕಟ್ಟುವಾಗ ಅದನ್ನು ನೀರು ದಾಟದ ಅಡ್ಡಗೋಡೆಗಳಿಂದ ಅನೇಕ ಕೋಣೆಗಳಾಗಿ ವಿಭಾಗಿಸುವರು. ಒಂದು ಕಡೆ ತೂತು ಬಿದ್ದರೆ ಆ ಕೋಣೆ ಮಾತ್ರ ತುಂಬಿ, ಹಡಗು ತೇಲುತ್ತಿರಲೆಂಬುದು ಅದರ ಉದ್ದೇಶ. ಒಂದು ಶತಮಾನಕ್ಕೂ ಮಿಗಿಲಾಗಿ ಹಡಗು ನಡೆಸಿದ ಸಂಸ್ಥೆಯ ಗಣಕಜಾಲದಲ್ಲಿ ಇಂಥ ಅಡ್ಡಗೋಡೆಗಳು ಸಾಕಷ್ಟಿರಲಿಲ್ಲ. ಒಡೆಸಾದ ಒಂದು ಮೇಜಿನಲ್ಲಿ ಬಿದ್ದ ತೂತಿನಿಂದ ನುಗ್ಗಿದ ನೀರು ಕೋಪನ್‌ಹೇಗನ್ನಿನವರೆಗೆ ಅಡೆತಡೆಯಿಲ್ಲದೆ ಹರಿಯಿತು.

ಈ ಅಪಾಯವನ್ನು ಕುರಿತು ಸಂಸ್ಥೆಯ ತಂತ್ರಜ್ಞರೇ ಮೊದಲು ಎಚ್ಚರಿಸಿದ್ದರೆಂದೂ, ಕೆಲವು ಸರ್ವರುಗಳು ಆಗಲೂ ಓಬೀರಾಯನ ಕಾಲದ ವಿಂಡೋಸ್ 2000ದ ಮೇಲೆಯೇ ನಡೆಯುತ್ತಿದ್ದುವೆಂದೂ, ಸುಧಾರಣೆಗೆ ಹಣ ಮಂಜೂರಾಗಿದ್ದರೂ ಅದರ ಯಶಸ್ಸನ್ನು ಹಿರಿಯ ಅಧಿಕಾರಿಗಳ ಸಾಧನೆಯ ಮಾನದಂಡದಲ್ಲಿ ಸೇರಿಸದಿದ್ದುದರಿಂದ ಕಾರ್ಯ ಮುಂದುವರಿಯಲಿಲ್ಲವೆಂದೂ ಗ್ರೀನ್‌ಬರ್ಗ್ ಅವರ ವರದಿ ತಿಳಿಸುವುದು. ಇಲ್ಲಿ ಕೊರತೆಯಿದ್ದುದು ಜ್ಞಾನಕ್ಕಲ್ಲ, ಹಣಕ್ಕೂ ಅಲ್ಲ. ಆ ಕೆಲಸ ಇವರದು ಎಂಬ ಹೊಣೆ ಯಾರ ಹೆಗಲ ಮೇಲೂ ಕುಳಿತಿರಲಿಲ್ಲ.

ಕಾಯುವ ಬಗೆ

ಹಾಗಾದರೆ ಸಂಸ್ಥೆಯೊಂದು ಮಾಡತಕ್ಕದ್ದೇನು? ಆಂಟಿವೈರಸ್ ಬೇಕೇ ಬೇಕು. ಆದರೆ ಅದು ಮುಖ್ಯವಾಗಿ ಹಿಂದೆ ಕಂಡ ಕೇಡಿನ ಗುರುತನ್ನು ಹಿಡಿದು ಹುಡುಕುವುದಾದುದರಿಂದ, ಇಂದೇ ಹುಟ್ಟಿದ ಕೇಡಿಗೆ ಅದು ಅಂಧ. ನಡವಳಿಕೆಯನ್ನೇ ಗಮನಿಸುವ ಹೊಸ ಕಾವಲು ತಂತ್ರಾಂಶಗಳು ಈ ಕೊರತೆಯನ್ನು ಕೊಂಚ ತುಂಬುವುವು. ಅವುಗಳ ಮೇಲೆಯೇ ಸಕಲ ಭಾರವನ್ನೂ ಹೊರಿಸಿ ನಿದ್ರಿಸುವುದು ಮಾತ್ರ ಸಲ್ಲದು.

ಮೊದಲನೆಯ ಕರ್ತವ್ಯ, ತನ್ನಲ್ಲಿ ಏನಿದೆಯೆಂಬುದನ್ನು ಅರಿಯುವುದು. ಎಷ್ಟು ಯಂತ್ರಗಳು, ಅವುಗಳಲ್ಲಿ ಯಾವ ತಂತ್ರಾಂಶ, ಯಾವುದಕ್ಕೆ ಯಾವ ಪ್ಯಾಚ್ ಬಿದ್ದಿದೆ ಎಂಬ ಪಟ್ಟಿಯಿಲ್ಲದವನು ಏನನ್ನು ಕಾಯಬಲ್ಲನು? ಆ ಪಟ್ಟಿಯಾದ ಮೇಲೆ, ಹೊಸ ಪ್ಯಾಚನ್ನು ಕೆಲವೇ ಯಂತ್ರಗಳಲ್ಲಿ ಪರೀಕ್ಷಿಸಿ, ವಿಳಂಬವಿಲ್ಲದೆ ಎಲ್ಲಕ್ಕೂ ಹರಡುವ ಕ್ರಮ ಬೇಕು.

ಎರಡನೆಯದು, ಅಧಿಕಾರವನ್ನು ಅಳೆದು ಕೊಡುವುದು. ಲೆಕ್ಕ ಬರೆಯುವವನ ಕಂಪ್ಯೂಟರಿಗೆ ಅಡ್ಮಿನ್ ಅಧಿಕಾರ ಏಕೆ? ಅಡ್ಮಿನ್ ಆದವನು ಸಹ ಇ–ಮೇಲ್ ಓದುವುದಕ್ಕೆ ಒಂದು ಖಾತೆಯನ್ನೂ ಸರ್ವರು ನೋಡುವುದಕ್ಕೆ ಬೇರೊಂದನ್ನೂ ಇಟ್ಟುಕೊಂಡು, ಹಿರಿಯ ಪಾಸ್‌ವರ್ಡನ್ನು ಕಂಡಕಂಡ ಯಂತ್ರದಲ್ಲಿ ಒತ್ತದೆ ಇರತಕ್ಕದ್ದು. ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಒಟಿಪಿಯಂಥ ಎರಡನೆಯ ಸಾಕ್ಷ್ಯವನ್ನು ಕೇಳುವ ಏರ್ಪಾಟಿದ್ದರೆ, ಕದ್ದ ಪಾಸ್‌ವರ್ಡೊಂದರಿಂದಲೇ ಹೊರಗಿನಿಂದ ಒಳಬರುವುದು ಕಷ್ಟವಾಗುವುದು.

ಮೂರನೆಯದು, ಅಡ್ಡಗೋಡೆ. ಲೆಕ್ಕದ ವಿಭಾಗ, ಕಾರ್ಖಾನೆಯ ಯಂತ್ರಗಳು, ಅತಿಥಿಗಳ ವೈ–ಫೈ ಇವೆಲ್ಲ ಒಂದೇ ಜಾಲದಲ್ಲಿ ಮುಕ್ತವಾಗಿ ಬೆರೆಯಕೂಡದು. ಹೊರಗಿನವರು ಬರೆದುಕೊಟ್ಟ ತಂತ್ರಾಂಶ ಎಷ್ಟೇ ನಂಬಿಕಸ್ಥವಾಗಿದ್ದರೂ, ಅದು ಓಡುವ ಯಂತ್ರಕ್ಕೆ ತನ್ನ ಕೆಲಸಕ್ಕೆ ಬೇಕಾದಷ್ಟೇ ದಾರಿಯನ್ನು ಬಿಟ್ಟು, ಉಳಿದುದನ್ನು ಮುಚ್ಚುವುದೇ ವಿವೇಕ.

ಚೌಕಟ್ಟು: ಮೂರು–ಎರಡು–ಒಂದು

• ಮುಖ್ಯ ದತ್ತಾಂಶದ ಮೂರು ಪ್ರತಿಗಳಿರಲಿ.
• ಅವು ಎರಡು ಬಗೆಯ ಮಾಧ್ಯಮದಲ್ಲಿರಲಿ.
• ಒಂದು ಪ್ರತಿ ಕಚೇರಿಯಿಂದ ದೂರವಿರಲಿ. ಅದು ಜಾಲಕ್ಕೆ ಅಂಟಿಕೊಂಡಿರದಿದ್ದರೆ ಮತ್ತೂ ಕ್ಷೇಮ.
• ಮರಳಿ ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮ ನೆಲದಲ್ಲಿ

ಇದು ದೂರದ ಸಾಗರಗಳ ಕಥೆಯೆಂದು ಪಕ್ಕಕ್ಕಿಡುವಂತಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಇಂಥ ಆಕ್ರಮಣಕ್ಕೆ ಸಿಕ್ಕಿ, ರೋಗಿಗಳ ದಾಖಲಾತಿಯಿಂದ ಹಿಡಿದು ಪರೀಕ್ಷಾ ವರದಿಯವರೆಗೆ ಎಲ್ಲವೂ ಅನೇಕ ದಿನ ಕಾಗದದ ಮೇಲೆ ನಡೆಯಿತು. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ನೀಡುವ ಒಂದೇ ಸಂಸ್ಥೆಗೆ ತಗುಲಿದ ಪೆಟ್ಟಿನಿಂದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆಗೆ ಅಡಚಣೆಯಾಯಿತು. ಒಬ್ಬನನ್ನು ಅನೇಕರು ನಂಬಿರುವಲ್ಲಿ ಒಬ್ಬನ ಕೇಡು ಅನೇಕರ ಕೇಡಾಗುವುದೆಂಬುದು ಇಲ್ಲಿಯೂ ಸಿದ್ಧವಾಯಿತು.

ನಮ್ಮ ದೇಶದಲ್ಲಿ ಈ ವಿಷಯಕ್ಕೆಂದೇ 2004ರಿಂದ ಸಿಇಆರ್‌ಟಿ–ಇನ್ ಎಂಬ ರಾಷ್ಟ್ರೀಯ ಸಂಸ್ಥೆಯಿದೆ. ಅದು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಮೇರೆಗೆ, ಇಂಥ ಆಕ್ರಮಣವನ್ನು ಅರಿತ ಆರು ಗಂಟೆಗಳೊಳಗೆ ಸಂಸ್ಥೆಗಳು ವರದಿ ಮಾಡತಕ್ಕದ್ದು. ತಮ್ಮ ಗಣಕ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಪಾಡತಕ್ಕದ್ದು. ಲೋಕದ ನಾನಾ ದೇಶಗಳ ಸಂಸ್ಥೆಗಳ ಜಾಲಗಳನ್ನು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಹಗಲಿರುಳು ನೋಡಿಕೊಳ್ಳುವ ಸಾವಿರಾರು ಮಂದಿ ನಮ್ಮವರಿಗೆ ಈ ವಿದ್ಯೆ ಹೊಸದಲ್ಲ. ಆದರೆ ಅದೇ ನಗರದ ಪೀಣ್ಯದಲ್ಲಿ ಹತ್ತು ಕಂಪ್ಯೂಟರು ಇಟ್ಟುಕೊಂಡು ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಗೂ ಆ ವಿದ್ಯೆಯ ಫಲ ಮುಟ್ಟಬೇಕು. ಏತಕ್ಕೆಂದರೆ ದೊಡ್ಡ ಸಂಸ್ಥೆ ಹತ್ತು ದಿನ ನಿಂತರೂ ಮತ್ತೆ ಏಳುವುದು, ಸಣ್ಣದು ಹಾಗೆ ನಿಂತರೆ ಅದರ ಕೂಲಿಕಾರರ ಮನೆಯ ಒಲೆಯೂ ನಿಲ್ಲುವುದು.

ಆದುದರಿಂದ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕುಳಿತವರು ಈ ಕಾರ್ಯವನ್ನು ತಾಂತ್ರಿಕ ವಿಭಾಗದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಾಗದು. ವರುಷಕ್ಕೊಮ್ಮೆಯಾದರೂ ಅವರು ಮೂರು ಪ್ರಶ್ನೆಗಳನ್ನು ತಾವೇ ಕೇಳಿ, ತೃಪ್ತಿಕರವಾದ ಉತ್ತರ ಪಡೆಯತಕ್ಕದ್ದು. ನಾವು ನಂಬಿರುವ ಹೊರಗಿನ ಯಾವ ತಂತ್ರಾಂಶ ಕೆಟ್ಟರೆ ನಮ್ಮ ಎಷ್ಟು ಭಾಗ ಕೆಡುವುದು? ನಾಳೆ ಬೆಳಗ್ಗೆ ಎಲ್ಲವೂ ಅಳಿಸಿಹೋದರೆ ಯಾವ ಪ್ರತಿಯಿಂದ, ಎಷ್ಟು ದಿನಗಳಲ್ಲಿ ಮತ್ತೆ ಕಟ್ಟಬಲ್ಲೆವು, ಮತ್ತು ಹಾಗೆ ಕಟ್ಟಿ ನೋಡಿದುದು ಕಡೆಯ ಬಾರಿ ಯಾವಾಗ? ಕೇಡು ಕಂಡ ಗಳಿಗೆಯಲ್ಲಿ, ಮೇಲಿನವರ ಅಪ್ಪಣೆಗೆ ಕಾಯದೆ ಜಾಲವನ್ನು ಕಳಚುವ ಅಧಿಕಾರ ನಮ್ಮಲ್ಲಿ ಯಾರಿಗಿದೆ?

ಈ ಮೂರಕ್ಕೂ ಹೆಸರು ಹಿಡಿದು, ದಿನಾಂಕ ಹಿಡಿದು ಉತ್ತರ ಹೇಳಬಲ್ಲ ಸಂಸ್ಥೆಗೂ ಆಕ್ರಮಣ ತಪ್ಪದಿರಬಹುದು. ಆದರೆ ಅದು ಅಳಿಯದು. ಉತ್ತರವಿಲ್ಲದ ಸಂಸ್ಥೆ ಇಂದಿಗೂ ನಡೆಯುತ್ತಿದ್ದರೆ ಅದು ಯಾವುದೋ ಊರಿನಲ್ಲಿ ವಿದ್ಯುತ್ತು ಹೋಗಲಿ ಎಂಬ ಭರವಸೆಯ ಮೇಲೆ ನಡೆಯುತ್ತಿರುವುದು. ಸಾವಿರಾರು ಜನರ ಅನ್ನವನ್ನು ಅಂಥ ಭರವಸೆಗೆ ಒಪ್ಪಿಸುವ ಹಕ್ಕು ಯಾವ ಒಡೆಯನಿಗೂ ಇಲ್ಲ.